‘ಪಿಟ್ ಬುಲ್’ ಎಂದು ಬರೆಯುವ ಮೊದಲು

ಗುರುತು ಪರಿಚಯವಿಲ್ಲದ ನಾಯಿಯನ್ನು ಆಶ್ರಯಕೇಂದ್ರಕ್ಕೆ ಸೇರಿಸಿಕೊಳ್ಳುವಾಗ ತುಂಬುವ ಫಾರಂನಲ್ಲಿ ‘ತಳಿ’ ಅಂತ ಒಂದು ಕಾಲಂ ಇರುತ್ತದೆ. ತೂಕ ಎಷ್ಟು, ಗಂಡೋ ಹೆಣ್ಣೋ, ಚರ್ಮದಡಿ ಗುರುತಿನ ಮೈಕ್ರೋಚಿಪ್ ಇದೆಯೋ ಇಲ್ಲವೋ ಎಂಬುದಕ್ಕೆಲ್ಲ ತಕ್ಕಡಿ, ಕಣ್ಣು, ಸ್ಕ್ಯಾನರ್ ಉತ್ತರ ಕೊಡುತ್ತವೆ. ತಳಿಗೆ ಅಂಥ ಸಾಧನ ಆ ಹೊತ್ತಿನಲ್ಲಿ ಕೈಯಲ್ಲಿರುವುದಿಲ್ಲ. ಆದರೂ ಎಲ್ಲಕ್ಕಿಂತ ಮೊದಲು ತುಂಬುವುದು ಅದೇ ಕಾಲಂ. ಅಗಲ ತಲೆ, ಗಿಡ್ಡ ಕೂದಲು, ಎದೆಯ ಮೇಲೊಂದು ಬಿಳಿ ಮಚ್ಚೆ ಕಂಡರೆ ಸಾಕು, ‘ಪಿಟ್ ಬುಲ್’ ಎಂದು ಬರೆದಾಗಿರುತ್ತದೆ. ಆಮೇಲೆ ಆ ಎರಡು ಪದ ಲಸಿಕೆ ಕಾರ್ಡಿಗೆ, ದತ್ತು ಪತ್ರಕ್ಕೆ, ಬಾಡಿಗೆ ಕರಾರಿಗೆ, ವಿಮೆಯ ಅರ್ಜಿಗೆ ನಕಲಾಗುತ್ತ ಹೋಗುತ್ತದೆ. ಅದು ಯಾರದೋ ಊಹೆ ಎಂಬುದು ಎರಡನೆಯ ಕಾಗದಕ್ಕೆ ಬರುವಷ್ಟರಲ್ಲೇ ಮರೆತುಹೋಗಿರುತ್ತದೆ. ಊಹೆಯನ್ನು ಊಹೆಯಾಗಿಯೇ ಇಟ್ಟುಕೊಂಡು ಒಂದೊಂದಾಗಿ ಪರೀಕ್ಷಿಸುವ ಕೆಲಸ ಹೇಗೆ ಸಾಗುತ್ತದೆ, ಎಲ್ಲಿ ಕೆಡುತ್ತದೆ ಎಂಬುದನ್ನು ಇಲ್ಲಿ ಬರೆದಿದ್ದೇವೆ.

ಹೆಸರಿನಲ್ಲೇ ಗೊಂದಲವಿದೆ. ಪಿಟ್ ಬುಲ್ ಎಂಬುದು ಒಂದೇ ತಳಿಯ ಹೆಸರಲ್ಲ. ಅಮೆರಿಕನ್ ಪಿಟ್ ಬುಲ್ ಟೆರಿಯರ್, ಅಮೆರಿಕನ್ ಸ್ಟ್ಯಾಫರ್ಡ್‌ಶೈರ್ ಟೆರಿಯರ್, ಸ್ಟ್ಯಾಫರ್ಡ್‌ಶೈರ್ ಬುಲ್ ಟೆರಿಯರ್, ಈಚಿನ ಅಮೆರಿಕನ್ ಬುಲ್ಲಿ, ಇವಿಷ್ಟನ್ನೂ ಜನ ಅದೇ ಹೆಸರಿನಿಂದ ಕರೆಯುತ್ತಾರೆ. ಇವುಗಳನ್ನು ಹೋಲುವ ಮಿಶ್ರತಳಿಗಳನ್ನೂ ಹಾಗೇ ಕರೆಯುತ್ತಾರೆ. ಎಲ್ಲದರ ಬೇರು ಬ್ರಿಟನ್ನಿನ ಹಳೆಯ ಬುಲ್‌ಡಾಗ್ ಮತ್ತು ಟೆರಿಯರ್‌ಗಳ ಬೆರಕೆಯಲ್ಲಿದೆ. ಕಟ್ಟಿಹಾಕಿದ ಗೂಳಿಯ ಮೇಲೆ ನಾಯಿ ಬಿಡುವ ಆಟವನ್ನು 1835ರ ಕಾಯ್ದೆ ಅಲ್ಲಿ ನಿಲ್ಲಿಸಿತು. ನಾಯಿಕಾಳಗ ಮಾತ್ರ ಕದ್ದುಮುಚ್ಚಿ ಮುಂದುವರಿಯಿತು, ಆ ನಾಯಿಗಳು ಅಮೆರಿಕಕ್ಕೂ ಹೋದವು. 1898ರಲ್ಲಿ ಅಲ್ಲಿ ಹುಟ್ಟಿದ, ನಾಯಿಗಳ ತಳಿ ನೋಂದಾಯಿಸುವ ಯುನೈಟೆಡ್ ಕೆನಲ್ ಕ್ಲಬ್ ಇವನ್ನು ಪಿಟ್ ಬುಲ್ ಟೆರಿಯರ್ ಎಂದು ನೋಂದಾಯಿಸಿಕೊಂಡಿತು. ಅಮೆರಿಕನ್ ಕೆನಲ್ ಕ್ಲಬ್ 1936ರಲ್ಲಿ ಅದೇ ಬಳಗದ ನಾಯಿಗಳನ್ನು ಸ್ಟ್ಯಾಫರ್ಡ್‌ಶೈರ್ ಟೆರಿಯರ್ ಎಂಬ ಹೆಸರಿನಲ್ಲಿ ಸೇರಿಸಿಕೊಂಡು, 1972ರಲ್ಲಿ ಹೆಸರಿನ ಮುಂದೆ ‘ಅಮೆರಿಕನ್’ ಎಂದು ಜೋಡಿಸಿತು. ಹಾಗಾಗಿ ಒಂದೇ ನಾಯಿ ಒಂದು ದಾಖಲೆಪುಸ್ತಕದಲ್ಲಿ ಪಿಟ್ ಬುಲ್, ಇನ್ನೊಂದರಲ್ಲಿ ಸ್ಟ್ಯಾಫರ್ಡ್‌ಶೈರ್ ಆಗಿದ್ದುದುಂಟು. ವಂಶಾವಳಿಯ ಕಾಗದವಿದ್ದ ನಾಯಿಗೇ ಎರಡು ಹೆಸರಿರುವಾಗ ಕಾಗದವೇ ಇಲ್ಲದ ನಾಯಿಗೆ ಒಂದು ಹೆಸರನ್ನು ಖಚಿತವಾಗಿ ಬರೆಯುವುದು ಎಷ್ಟು ಸರಿ ಎಂಬುದನ್ನು ಪೆನ್ನು ಎತ್ತುವ ಮೊದಲೇ ಯೋಚಿಸಬೇಕು.

ನಾಯಿ ಬಂದ ದಿನ ತಳಿಯ ಕಾಲಂನಲ್ಲಿ ನಾವು ‘ಗೊತ್ತಿಲ್ಲ’ ಎಂದು ಬರೆದು ಮುಂದೆ ಹೋಗುತ್ತೇವೆ. ಆ ದಿನದ ಕೆಲಸ ಚಿಪ್ ಹುಡುಕುವುದು, ಫೋಟೋ ತೆಗೆಯುವುದು, ಅಳೆಯುವುದು. ಸ್ಕ್ಯಾನರನ್ನು ಹೆಗಲುಗಳ ನಡುವೆ ಮಾತ್ರ ಆಡಿಸಿ ‘ಚಿಪ್ ಇಲ್ಲ’ ಎಂದುಬಿಟ್ಟರೆ ತಪ್ಪಾಗುತ್ತದೆ. ಚಿಪ್ ಚರ್ಮದಡಿ ಜಾರಿ ಭುಜಕ್ಕೋ ಎದೆಯ ಪಕ್ಕಕ್ಕೋ ಇಳಿದಿರಬಹುದು. ಕತ್ತಿನಿಂದ ಎರಡೂ ಮೊಣಕೈಗಳ ತನಕ ನಿಧಾನವಾಗಿ ಆಡಿಸಬೇಕು. ಚಿಪ್ ಸಿಕ್ಕಿ, ಅದಕ್ಕೆ ಹೊಂದುವ ನೋಂದಣಿಯೂ ಸಿಕ್ಕರೆ ಇಡೀ ಪತ್ತೇದಾರಿಕೆ ಅಲ್ಲಿಗೇ ಮುಗಿಯುತ್ತದೆ.

ಫೋಟೋ ಮೂರು ಬೇಕು: ಪಕ್ಕದಿಂದ, ಎದುರಿನಿಂದ, ತಲೆಯ ನೇರ ಮೇಲಿನಿಂದ. ನಿಂತುಕೊಂಡು ಫೋನನ್ನು ಮೂತಿಯ ಹತ್ತಿರ ಹಿಡಿದರೆ ತಲೆ ಊದಿದಂತೆ, ಕಾಲು ಸಣ್ಣಗಾದಂತೆ ಕಾಣುತ್ತದೆ. ಎಷ್ಟೋ ಸಾಧಾರಣ ನಾಯಿಗಳು ಫೋಟೋದಲ್ಲಿ ಪಿಟ್ ಬುಲ್ ಆಗುವುದು ಹೀಗೆ. ಎರಡು ಮೂರು ಮೀಟರ್ ಹಿಂದೆ ಸರಿದು, ಮಂಡಿಯೂರಿ, ಕ್ಯಾಮೆರಾವನ್ನು ನಾಯಿಯ ಭುಜದ ಮಟ್ಟಕ್ಕೆ ತಂದು, ಸ್ವಲ್ಪ ಜೂಮ್ ಮಾಡಿ ತೆಗೆಯಬೇಕು. ಹಗ್ಗ ಸಡಿಲವಿರಲಿ. ಹಗ್ಗ ಜಗ್ಗುತ್ತಿರುವ ನಾಯಿಯ ಕತ್ತು ದಪ್ಪಗಾಗಿ ಎದೆ ಮುಂದೆ ಬರುತ್ತದೆ.

ಎತ್ತರ ಅಳೆಯುವುದು ತಲೆಯವರೆಗಲ್ಲ, ಹೆಗಲ ದಿಬ್ಬದವರೆಗೆ. ಸಮತಟ್ಟಾದ ಗಟ್ಟಿ ನೆಲದ ಮೇಲೆ ನಾಲ್ಕು ಕಾಲೂ ನೇರವಾಗಿರುವಂತೆ ಗೋಡೆಯ ಪಕ್ಕಕ್ಕೆ ನಿಲ್ಲಿಸಿ, ದಿಬ್ಬದ ಮೇಲೆ ಒಂದು ಪಟ್ಟಿಯನ್ನು ಅಡ್ಡಲಾಗಿಟ್ಟು, ಅದರ ಮೇಲೆ ರಸಮಟ್ಟ ಇಟ್ಟು ನೋಡಿ ಗೋಡೆಗೆ ಗುರುತು ಮಾಡುತ್ತೇವೆ. ಟೇಪನ್ನು ಪಕ್ಕೆಲುಬಿನ ಉಬ್ಬಿನ ಮೇಲೆ ಹಾಯಿಸಿದರೆ ಅಳತೆ ಹೆಚ್ಚು ಬರುತ್ತದೆ. ಹೆದರಿ ಮುದುಡಿದ ನಾಯಿಯಲ್ಲಿ ಕಡಿಮೆ ಬರುತ್ತದೆ. ಆದ್ದರಿಂದ ಮೂರು ಸಲ ಅಳೆದು ಸರಾಸರಿ ಬರೆಯಬೇಕು, ಅಳೆದವರ ಹೆಸರು ಮತ್ತು ತಾರೀಕನ್ನೂ ಹಾಕಬೇಕು. ತೂಕದ ಪಕ್ಕದಲ್ಲಿ ಮೈಕಟ್ಟಿನ ಅಂಕವನ್ನು 1ರಿಂದ 9ರೊಳಗೆ ಬರೆಯುವುದು ಕಡ್ಡಾಯ. 4 ಅಥವಾ 5 ಇದ್ದರೆ ಹದವಾದ ಮೈ. ಎಲುಬು ಎಣಿಸುವಷ್ಟು ಸೊರಗಿದ ನಾಯಿಯ ತೂಕದಿಂದ ಏನನ್ನೂ ಹೇಳಲು ಬರುವುದಿಲ್ಲ.

ಈ ಅಂಕಿಗಳೇ ಮೊದಲ ಜರಡಿ. ಸ್ಟ್ಯಾಫರ್ಡ್‌ಶೈರ್ ಬುಲ್ ಟೆರಿಯರ್ 14ರಿಂದ 16 ಇಂಚು ಎತ್ತರದ, ಸುಮಾರು 11ರಿಂದ 17 ಕಿಲೋ ತೂಗುವ ಸಣ್ಣ ನಾಯಿ. ಅಮೆರಿಕನ್ ಸ್ಟ್ಯಾಫರ್ಡ್‌ಶೈರ್ 17ರಿಂದ 19 ಇಂಚು. ಅಮೆರಿಕನ್ ಪಿಟ್ ಬುಲ್ ಟೆರಿಯರ್ ಹೆಣ್ಣು 17ರಿಂದ 20, ಗಂಡು 18ರಿಂದ 21 ಇಂಚು. ತೂಕ ಹೆಣ್ಣಿಗೆ ಸುಮಾರು 14ರಿಂದ 23 ಕಿಲೋ, ಗಂಡಿಗೆ 16ರಿಂದ 27 ಕಿಲೋ. ಜನರ ಮನಸ್ಸಿನಲ್ಲಿರುವ ರಾಕ್ಷಸಗಾತ್ರದ ಪಿಟ್ ಬುಲ್ ಈ ಅಳತೆಯೊಳಗೆ ಬರುವುದೇ ಇಲ್ಲ. 25 ಇಂಚು ಎತ್ತರ, 45 ಕಿಲೋ ತೂಗುವ ನಾಯಿ ಎದುರಿಗಿದ್ದರೆ ಕೇನ್ ಕೋರ್ಸೊ, ಬುಲ್‌ಮ್ಯಾಸ್ಟಿಫ್, ಅಮೆರಿಕನ್ ಬುಲ್‌ಡಾಗ್ ಥರದ ದೊಡ್ಡ ತಳಿಗಳ ರಕ್ತವನ್ನು ಶಂಕಿಸಬೇಕು. ಮರಿಗಳ ವಿಷಯದಲ್ಲಿ ಜರಡಿ ಕೆಲಸ ಮಾಡುವುದಿಲ್ಲ. ಆರು ತಿಂಗಳೊಳಗಿನ ಮರಿಗೆ ನೋಟದಿಂದ ತಳಿ ಬರೆಯುವುದನ್ನು ಪೂರ್ತಿ ಬಿಡಬೇಕು. ಆ ವಯಸ್ಸಿನಲ್ಲಿ ಲ್ಯಾಬ್ರಡಾರ್ ಬೆರಕೆಯ ಮರಿಯೂ ಬಾಕ್ಸರ್ ಬೆರಕೆಯ ಮರಿಯೂ ದುಂಡು ಮುಖ, ದಪ್ಪ ಪಾದದ ಒಂದೇ ಅಚ್ಚು.

ಅಳತೆ ಹೊಂದಿದರೆ ಆಮೇಲೆ ಅಂಗಾಂಗ. ಪಿಟ್ ಬುಲ್ ಟೆರಿಯರ್‌ನ ಮಾದರಿ ನಾಯಿಯನ್ನು ಪಕ್ಕದಿಂದ ನೋಡಿದರೆ ಹೆಚ್ಚುಕಡಿಮೆ ಚೌಕಾಕಾರ. ತಲೆಯನ್ನು ಮೇಲಿನಿಂದ ನೋಡಿದರೆ ಬೆಣೆಯ ಆಕಾರ, ಕೆನ್ನೆಯ ಸ್ನಾಯು ಎದ್ದು ಕಾಣುತ್ತದೆ. ತಲೆಯ ಹಿಂಬದಿಯಿಂದ ಕಣ್ಣುಗಳ ನಡುವಿನವರೆಗೆ ಎಷ್ಟೋ, ಅಲ್ಲಿಂದ ಮೂಗಿನ ತುದಿಗೂ ಸುಮಾರು ಅಷ್ಟೇ. ಇದೊಂದು ಅಳತೆ ಬಾಕ್ಸರನ್ನು ಬೇರೆ ಮಾಡಿಬಿಡುತ್ತದೆ. ಬಾಕ್ಸರಿನ ಮೂತಿ ತಲೆಯ ಉದ್ದದ ಮೂರನೆಯ ಒಂದು ಪಾಲು ಮಾತ್ರ, ಕೆಳದವಡೆಯೂ ಮುಂದೆ ಚಾಚಿರುತ್ತದೆ. ಬುಲ್ ಟೆರಿಯರಿನದು ಹಣೆಯಿಂದ ಮೂಗಿನವರೆಗೆ ತಗ್ಗಿಲ್ಲದ ಮೊಟ್ಟೆಯಾಕಾರದ ಮುಖ. ಕೂದಲನ್ನು ಬೆರಳಿನಿಂದ ಹಿಮ್ಮುಖವಾಗಿ ಸರಿಸಿ ನೋಡಿ. ಕೆಳಗೆ ಮೆತ್ತನೆಯ ಎರಡನೆಯ ಪದರ ಸಿಕ್ಕರೆ ಲ್ಯಾಬ್ರಡಾರ್ ಮುಂತಾದವುಗಳ ಪಾಲಿದೆ ಎಂದು ಊಹಿಸಬಹುದು. ಪಿಟ್ ಬುಲ್ ಬಗೆಯದು ಒಂದೇ ಪದರದ ಬಿರುಸು ಕೂದಲು. ಬಾಲ ಬುಡದಲ್ಲಿ ದಪ್ಪ, ಹಿಂಗಾಲಿನ ಗಿಣ್ಣಿನ ಹತ್ತಿರ ಮುಗಿಯುವಷ್ಟು ಉದ್ದ, ಸುಮ್ಮನೆ ನಿಂತಾಗ ಹಳೆಯ ಕೈಪಂಪಿನ ಹಿಡಿಕೆಯ ಹಾಗೆ ಬಾಗಿ ಇಳಿದಿರುತ್ತದೆ.

ಬಣ್ಣವನ್ನು ಲೆಕ್ಕಕ್ಕೆ ಹಿಡಿಯಲೇಬಾರದು. ಹುಲಿಪಟ್ಟೆ, ನೀಲಿ ಎಂದು ಕರೆಯುವ ಬೂದುಬಣ್ಣ, ಕೆಂಪು ಮೂಗು, ಎದೆಯ ಬಿಳಿ ಮಚ್ಚೆ ಎಲ್ಲವೂ ಹತ್ತಾರು ತಳಿಗಳಲ್ಲಿವೆ. ಕತ್ತರಿಸಿದ ಕಿವಿಯಂತೂ ತಳಿಯ ಲಕ್ಷಣವೇ ಅಲ್ಲ, ಸಾಕಿದವರ ಕತ್ತರಿಯ ಕೆಲಸ. ಆದರೆ ನೋಡುವವರ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ತಿರುಗಿಸುವುದು ಆ ಕಿವಿಯೇ.

ಇಷ್ಟೆಲ್ಲ ಮಾಡಿದ ಮೇಲೂ ಕೈಗೆ ಬರುವುದು ಹೋಲಿಕೆ, ವಂಶವಲ್ಲ. ಕಾರಣ ಅನುವಂಶೀಯತೆಯಲ್ಲಿದೆ. ಮೈಯ ಹೊರನೋಟವನ್ನು ನಡೆಸುವುದು ಬೆರಳೆಣಿಕೆಯ ಜೀನ್‌ಗಳು. ಕೂದಲಿನ ಉದ್ದ, ಗುಂಗುರು, ಗಡ್ಡಮೀಸೆಗಳಲ್ಲಿ ಕಾಣುವ ವೈವಿಧ್ಯದ ಬಹುಪಾಲು ಮೂರೇ ಜೀನ್‌ಗಳಿಂದ ಬರುತ್ತದೆ ಎಂದು 2009ರಲ್ಲಿ ಗೊತ್ತಾಯಿತು. ಗಿಡ್ಡ ಕೂದಲಿನ ರೂಪ ಪ್ರಬಲವಾದ್ದರಿಂದ ಉದ್ದ ಕೂದಲಿನ ಅಜ್ಜಿ ಮೊಮ್ಮಗನ ಮೈಮೇಲೆ ಸುಳಿವೇ ಕೊಡದೆ ಕೂತಿರಬಹುದು. ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಬಸೆಂಜಿ ಮತ್ತು ಕಾಕರ್ ಸ್ಪ್ಯಾನಿಯಲ್ ಎಂಬ ಎರಡೇ ಶುದ್ಧ ತಳಿಗಳನ್ನು ಕೂಡಿಸಿ ತಲೆಮಾರುಗಳನ್ನು ಬೆಳೆಸಿದಾಗ ಎರಡನ್ನೂ ಹೋಲದ ಮರಿಗಳು ಹುಟ್ಟಿದವು. ಅವುಗಳ ಫೋಟೋ ನೋಡಿ ಅಪ್ಪ ಅಮ್ಮನ ತಳಿ ಹೇಳುವುದು ಅಸಾಧ್ಯ. ನೇರವಾಗಿ ಪಿಟ್ ಬುಲ್ ಬಗೆಯನ್ನೇ ಪರೀಕ್ಷಿಸಿದ ಅಧ್ಯಯನ 2015ರಲ್ಲಿ ಬಂತು. ಫ್ಲಾರಿಡಾದ ನಾಲ್ಕು ಆಶ್ರಯಕೇಂದ್ರಗಳಲ್ಲಿ 16 ಮಂದಿ ಅನುಭವಸ್ಥ ಸಿಬ್ಬಂದಿ 120 ನಾಯಿಗಳನ್ನು ನೋಡಿ ತಳಿ ಹೇಳಿದರು. ಡಿಎನ್‌ಎ ಪ್ರಕಾರ ಈ ಗುಂಪಿನ ರಕ್ತವಿದ್ದವು 25. ಸಿಬ್ಬಂದಿ ಪಿಟ್ ಬುಲ್ ಎಂದು ಗುರುತಿಸಿದ ನಾಯಿಗಳು ಅದರ ಎರಡು ಪಟ್ಟಿಗೂ ಮಿಕ್ಕಿದ್ದವು. ಅದರ ಮೇಲೆ, ನಿಜವಾಗಿ ಆ ರಕ್ತವಿದ್ದ ಕೆಲವನ್ನು ಅವರು ಬಿಟ್ಟೂ ಇದ್ದರು. ಪಶುವೈದ್ಯರೂ ಇದ್ದ ತಂಡ ಅದು. ಅನುಭವ ಈ ತಪ್ಪನ್ನು ತಿದ್ದುವುದಿಲ್ಲ.

ಹಾಗಾದರೆ ಡಿಎನ್‌ಎ. ಕಿಟ್‌ನಲ್ಲಿ ಒಂದೋ ಎರಡೋ ಸ್ವಾಬ್ ಕಡ್ಡಿ, ಅವನ್ನು ಹಾಕುವ ಕೊಳವೆ ಅಥವಾ ಲಕೋಟೆ, ಒಂದು ಬಾರ್‌ಕೋಡ್ ಇರುತ್ತದೆ. ಕಡ್ಡಿ ಬಿಚ್ಚುವ ಮೊದಲೇ ಕೋಡನ್ನು ನೋಂದಾಯಿಸಿ, ನಾಯಿಯ ಫೈಲಿಗೆ ಬರೆದುಕೊಳ್ಳಬೇಕು. ಒಂದೇ ದಿನ ಎರಡು ಮೂರು ನಾಯಿಗಳ ಮಾದರಿ ತೆಗೆದು ‘ಆಮೇಲೆ ಬರೆದರಾಯಿತು’ ಎಂದಾಗ ಕೋಡು ಅದಲುಬದಲಾಗುತ್ತದೆ. ಇದು ಲ್ಯಾಬಿನಲ್ಲಿ ಪತ್ತೆಯಾಗುವ ತಪ್ಪಲ್ಲ. ನಾಯಿಗೆ ಅರ್ಧದಿಂದ ಒಂದು ಗಂಟೆ ಮುಂಚಿನಿಂದ ತಿನ್ನಲು ಏನೂ ಕೊಡಬಾರದು, ಬೇರೆ ನಾಯಿಯ ಜತೆ ಆಡಲು, ಒಂದೇ ಬಟ್ಟಲಿನಲ್ಲಿ ನೀರು ಕುಡಿಯಲು ಬಿಡಬಾರದು. ಹಾಲು ಕುಡಿಯುವ ಮರಿಯ ಬಾಯಲ್ಲಿ ತಾಯಿಯ ಕೋಶಗಳಿರುತ್ತವೆ, ಹಾಲು ಬಿಟ್ಟ ಮೇಲೆ ತೆಗೆಯುವುದೇ ಲೇಸು. ಕಡ್ಡಿಯ ತುದಿಯನ್ನು ಮುಟ್ಟದೆ ಕೆನ್ನೆಗೂ ವಸಡಿಗೂ ನಡುವಿನ ಸಂದಿಗೆ ತೂರಿಸಿ, ಒಳಗೆನ್ನೆಗೆ ಒತ್ತಿ, ಕಿಟ್‌ನಲ್ಲಿ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 30ರಿಂದ 60 ಸೆಕೆಂಡು, ತಿರುಗಿಸಬೇಕು. ಬೇಕಾದ್ದು ಜೊಲ್ಲಲ್ಲ, ಕೆನ್ನೆಯಿಂದ ಉದುರುವ ಕೋಶ. ನಾಲಿಗೆಯ ಮೇಲೆ ಸವರಿ ಜೊಲ್ಲಿನಿಂದ ನೆನೆದ ಕಡ್ಡಿ ಕಳಿಸಿದರೆ ‘ಡಿಎನ್‌ಎ ಸಾಲದು’ ಎಂದು ವಾಪಸ್ ಬರುತ್ತದೆ. ಕಾಗದದ ಲಕೋಟೆಗೆ ಹಾಕುವ ಕಡ್ಡಿಯನ್ನು ಗಾಳಿಗೆ ಒಣಗಿಸದೆ ಮುಚ್ಚಿದರೆ ಬೂಷ್ಟು ಹಿಡಿದು ಕೆಡುತ್ತದೆ. ಬಾಯಿ ಮುಟ್ಟಿಸಿಕೊಳ್ಳದ ನಾಯಿಯನ್ನು ಅದುಮಿ ಹಿಡಿದು ಸ್ವಾಬ್ ತೆಗೆಯುವುದು ಬೇಡ. ಫಲಿತಾಂಶ ಬರಲು ಹೇಗೂ ಎರಡರಿಂದ ನಾಲ್ಕು ವಾರ ಬೇಕು, ಇನ್ನೊಂದು ವಾರ ತಡವಾದರೆ ನಷ್ಟವಿಲ್ಲ.

ವರದಿಯನ್ನು ಓದುವುದರಲ್ಲೂ ಎಡವುವ ಜಾಗಗಳಿವೆ. ಲ್ಯಾಬ್ ನಿಮ್ಮ ನಾಯಿಯನ್ನು ತನ್ನ ಬಳಿ ಇರುವ ತಳಿಗಳ ಮಾದರಿಗಳೊಂದಿಗೆ ಮಾತ್ರ ಹೋಲಿಸುತ್ತದೆ. ಆ ಸಂಗ್ರಹದಲ್ಲಿ ಪಿಟ್ ಬುಲ್ ಟೆರಿಯರ್ ಇಲ್ಲದಿದ್ದರೆ ಅದರ ಪಾಲು ಅಮೆರಿಕನ್ ಸ್ಟ್ಯಾಫರ್ಡ್‌ಶೈರ್ ಹೆಸರಿಗೆ ಹೋಗುತ್ತದೆ. ಎರಡೂ ಒಂದೇ ಬಳಗವಾದ್ದರಿಂದ ಅವೆರಡರ ಶೇಕಡಾವಾರನ್ನು ಕೂಡಿಸಿ ಓದುವುದೇ ಸರಿ. ಮುತ್ತಜ್ಜ ಮುತ್ತಜ್ಜಿಯರಲ್ಲಿ ಒಬ್ಬರಿಂದ ಸರಾಸರಿ ಶೇ 12.5 ಬರುತ್ತದೆ, ಆದರೆ ಹಂಚಿಕೆ ಸಮವಾಗಿರುವುದಿಲ್ಲ, ಇದಕ್ಕಿಂತ ಬಹಳ ಕಡಿಮೆಯೂ ಬರಬಹುದು. ಶೇ 5ಕ್ಕಿಂತ ಕೆಳಗಿನ ತಳಿಗಳನ್ನು ನಾವು ಲೆಕ್ಕಕ್ಕಿಡುವುದಿಲ್ಲ. ಯಾವ ತಳಿಗೂ ಸೇರದೆ ತಲೆತಲಾಂತರದಿಂದ ಸ್ವತಂತ್ರವಾಗಿ ಬೆಳೆದ ಹಳ್ಳಿನಾಯಿಗಳ ಮಾದರಿ ಲ್ಯಾಬಿನಲ್ಲಿ ಇಲ್ಲದಿದ್ದರೆ, ಅಂಥ ನಾಯಿಯ ವರದಿಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಏಳೆಂಟು ತಳಿಗಳು ಚೂರುಚೂರಾಗಿ ಕಾಣಿಸುತ್ತವೆ. ಅಂಥ ಪಟ್ಟಿ ಕಂಡಾಗ ಅದನ್ನು ನಂಬದಿರುವುದೇ ಸರಿಯಾದ ಓದು. ಎರಡು ಆಶ್ರಯಕೇಂದ್ರಗಳ 900ಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ನೋಡಿದ 2018ರ ಅಮೆರಿಕದ ಅಧ್ಯಯನದಲ್ಲಿ ಶುದ್ಧ ತಳಿಯವು ನೂರಕ್ಕೆ ಐದೂ ಇರಲಿಲ್ಲ.

ವರದಿಯ ನಿಜವಾದ ಉಪಯೋಗ ಆರೋಗ್ಯದ್ದು. ಅಮೆರಿಕನ್ ಸ್ಟ್ಯಾಫರ್ಡ್‌ಶೈರ್ ವಂಶದಲ್ಲಿ ನಡು ವಯಸ್ಸಿನಲ್ಲಿ ಕಿರುಮಿದುಳು ಸವೆದು ನಡಿಗೆ ತಪ್ಪುವ ರೋಗವೊಂದಿದೆ; ಸ್ಟ್ಯಾಫರ್ಡ್‌ಶೈರ್ ಬುಲ್ ಟೆರಿಯರ್‌ಗಳಲ್ಲಿ ಎಲ್-2-ಎಚ್‌ಜಿಎ ಎಂಬ ಚಯಾಪಚಯದ ತೊಂದರೆ ಮತ್ತು ಎಳವೆಯಲ್ಲೇ ಬರುವ ಕಣ್ಣಿನ ಪೊರೆ ಇವೆ. ಮೂರಕ್ಕೂ ಜೀನ್ ಪರೀಕ್ಷೆಯುಂಟು. ಇದರ ಜತೆಗೆ ಮುಖ ಮತ್ತು ಮುಂಗಾಲುಗಳ ಮೇಲೆ ಹಳೆಯ ಕಚ್ಚಿನ ಕಲೆಗಳಿರುವ ನಾಯಿಗೆ, ಅದರ ತಳಿ ಏನೇ ಇರಲಿ, ಬಬೀಸಿಯಾ ಗಿಬ್ಸೋನಿ ರಕ್ತಪರೀಕ್ಷೆ ಮಾಡಿಸುತ್ತೇವೆ. ಆ ಪರಾವಲಂಬಿ ಉಣ್ಣೆಯಿಂದ ಮಾತ್ರವಲ್ಲ, ನಾಯಿಗಳ ಕಚ್ಚಾಟದಿಂದಲೂ ಹರಡುತ್ತದೆ.

ಕಾನೂನಿನ ಮುಂದೆ ಡಿಎನ್‌ಎ ವರದಿ ನೆರವಾಗುತ್ತದೆ ಎಂದು ನಂಬಿ ಕೂರಬಾರದು. ಬ್ರಿಟನ್ನಿನ 1991ರ ಅಪಾಯಕಾರಿ ನಾಯಿಗಳ ಕಾಯ್ದೆ ಹೇಳುವುದು ಪಿಟ್ ಬುಲ್ ಟೆರಿಯರ್ ‘ಬಗೆ’ಯ ನಾಯಿ ಎಂದು, ತಳಿ ಎಂದಲ್ಲ. ಮಾದರಿಯ ಲಕ್ಷಣಗಳಲ್ಲಿ ಸಾಕಷ್ಟು ಹೊಂದಿದರೆ ಸಾಕು. ಅಪ್ಪ ಅಮ್ಮ ಇಬ್ಬರೂ ನಿಷೇಧವಿಲ್ಲದ ತಳಿಯವರಾಗಿದ್ದರೂ ಮರಿ ನಿಷೇಧಿತ ಬಗೆಗೆ ಸೇರಬಹುದು. ತನ್ನ ನಾಯಿ ಅದಲ್ಲ ಎಂದು ತೋರಿಸುವ ಹೊಣೆ ಸಾಕಿದವರದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈ ಪಟ್ಟಿಗೆ ಅಮೆರಿಕನ್ ಬುಲ್ಲಿಯ ದೊಡ್ಡ ಗಾತ್ರದ ಬಗೆಯಾದ ಎಕ್ಸ್‌ಎಲ್ ಬುಲ್ಲಿಯೂ ಸೇರಿತು. 2023ರ ಡಿಸೆಂಬರ್ 31ರಿಂದ ಮಾರಾಟ, ಸಂತಾನ ಮಾಡಿಸುವುದು ನಿಂತಿತು, 2024ರ ಫೆಬ್ರುವರಿ 1ರಿಂದ ವಿನಾಯಿತಿ ಪತ್ರವಿಲ್ಲದೆ ಇಟ್ಟುಕೊಳ್ಳುವುದೇ ಅಪರಾಧ. ಅಲ್ಲಿ ಮೊದಲು ನೋಡುವುದು ಎತ್ತರ: ಗಂಡಿಗೆ 20 ಇಂಚು, ಹೆಣ್ಣಿಗೆ 19. ಅರ್ಧ ಇಂಚಿನ ತಪ್ಪು ಅಳತೆ ಒಂದು ಜೀವದ ಹಣೆಬರಹ ಬದಲಿಸುತ್ತದೆ ಎಂದೇ ರಸಮಟ್ಟ, ಮೂರು ಸಲದ ಅಳತೆ, ತಾರೀಕು ಎಂದೆಲ್ಲ ಮೇಲೆ ಒತ್ತಿ ಹೇಳಿದ್ದು. ನಿಷೇಧದ ದಾರಿಯಿಂದ ಹಿಂದೆ ಬಂದವರೂ ಇದ್ದಾರೆ. ನೆದರ್‌ಲೆಂಡ್ಸ್ 1993ರಲ್ಲಿ ತಂದ ಪಿಟ್ ಬುಲ್ ನಿಷೇಧವನ್ನು, ಕಚ್ಚುವ ಪ್ರಕರಣಗಳು ತಗ್ಗಲಿಲ್ಲ ಎಂದು, 2008ರಲ್ಲಿ ಕೈಬಿಡಲು ತೀರ್ಮಾನಿಸಿತು.

ಇನ್ನು ಕುಖ್ಯಾತಿ. ಕಚ್ಚಿದರೆ ದವಡೆಗೆ ಬೀಗ ಬೀಳುತ್ತದೆ ಎಂಬುದು ಸುಳ್ಳು. ಇವುಗಳ ದವಡೆಯ ಎಲುಬು, ಕೀಲುಗಳಲ್ಲಿ ಅಂಥ ಯಾವ ರಚನೆಯೂ ಇಲ್ಲ. ಹಿಂದಿನ ಕಾಲದಲ್ಲಿ ಇವನ್ನು ಮಕ್ಕಳ ಆಯಾಗಳಂತೆ ಸಾಕುತ್ತಿದ್ದರು ಎಂಬುದಕ್ಕೂ ಆಧಾರವಿಲ್ಲ. ಈ ಎರಡನೆಯ ಸುಳ್ಳನ್ನು ಹರಡುವವರು ನಾಯಿಯನ್ನು ಪ್ರೀತಿಸುವವರೇ, ಆದ್ದರಿಂದ ಅದು ಹೆಚ್ಚು ಅಪಾಯ. ಯಾವ ನಾಯಿಯನ್ನೂ ಪುಟ್ಟ ಮಗುವಿನ ಜತೆ ಒಂಟಿಯಾಗಿ ಬಿಡಬಾರದು.

ಅಂಕಿಅಂಶಗಳನ್ನು ಮುಚ್ಚಿಡುವ ಅಗತ್ಯವೂ ಇಲ್ಲ. ಅಮೆರಿಕದಲ್ಲಿ 1979ರಿಂದ 1998ರವರೆಗೆ ನಾಯಿದಾಳಿಯಿಂದ ಸಂಭವಿಸಿದ, ತಳಿ ದಾಖಲಾದ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಪಿಟ್ ಬುಲ್ ಬಗೆ ಮತ್ತು ರಾಟ್‌ವೈಲರ್‌ಗಳ ಲೆಕ್ಕಕ್ಕೆ ಬಂದವು. ಆ ವರದಿ ಬರೆದವರೇ ತಳಿಯ ಗುರುತು ನಂಬಲರ್ಹವಲ್ಲ, ಒಟ್ಟು ಎಷ್ಟು ನಾಯಿಗಳಲ್ಲಿ ಎಷ್ಟು ಎಂಬುದೂ ತಿಳಿಯದು ಎಂದು ಎಚ್ಚರಿಸಿದ್ದರು. 2000ದಿಂದ 2009ರವರೆಗಿನ 256 ಸಾವುಗಳನ್ನು ಒಂದೊಂದಾಗಿ ಕೆದಕಿದ 2013ರ ಅಧ್ಯಯನದಲ್ಲಿ ತಳಿಯನ್ನು ಖಚಿತಪಡಿಸಲು ಸಾಧ್ಯವಾದದ್ದು 45 ಪ್ರಕರಣಗಳಲ್ಲಿ ಮಾತ್ರ. ಮತ್ತೆ ಮತ್ತೆ ಕಂಡದ್ದು ಬೇರೆ ಸಂಗತಿಗಳು. ತಡೆಯಬಲ್ಲ ದೊಡ್ಡವರು ಹತ್ತಿರ ಇಲ್ಲದಿದ್ದುದು ಶೇ 87ರಲ್ಲಿ, ಸತ್ತವರಿಗೂ ನಾಯಿಗೂ ಪರಿಚಯವಿಲ್ಲದಿದ್ದುದು ಶೇ 85ರಲ್ಲಿ, ಸಂತಾನಹರಣ ಚಿಕಿತ್ಸೆ ಆಗದ ನಾಯಿ ಶೇ 84ರಲ್ಲಿ, ಮನೆಮಂದಿಯ ಒಡನಾಟವಿಲ್ಲದೆ ಕಟ್ಟಿಯೋ ಕೂಡಿಯೋ ಇಟ್ಟ ನಾಯಿ ಶೇ 76ರಲ್ಲಿ. ನಾಯಿಯ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದ್ದು ಸುಮಾರು ಶೇ 9 ಮಾತ್ರ ಎಂದು 18,000ಕ್ಕೂ ಹೆಚ್ಚು ನಾಯಿಗಳ ಮಾಹಿತಿಯಿಂದ 2022ರಲ್ಲಿ ಲೆಕ್ಕ ಹಾಕಿದ್ದಾರೆ.

ಹಾಗಂತ ಎಲ್ಲ ನಾಯಿಯೂ ಒಂದೇ ಅಲ್ಲ. 25 ಕಿಲೋ ಸ್ನಾಯು ಹೊತ್ತ ನಾಯಿ ಕಚ್ಚಿದರೆ ಗಾಯ 5 ಕಿಲೋ ನಾಯಿಯದಕ್ಕಿಂತ ಆಳ. ಕಾಳಗಕ್ಕೆಂದು ಬೆಳೆಸಿದ ವಂಶದಲ್ಲಿ ಇತರ ನಾಯಿಗಳ ಮೇಲಿನ ಅಸಹನೆ ಒಂದರಿಂದ ಮೂರು ವರ್ಷದ ನಡುವೆ ತಲೆಯೆತ್ತಬಹುದು, ಅಲ್ಲಿಯತನಕ ಎಲ್ಲರೊಡನೆ ಆಡಿಕೊಂಡಿದ್ದ ಮರಿಯೂ ಬದಲಾಗಬಹುದು. ಇಂಥ ನಾಯಿಯ ಜತೆ ಇನ್ನೊಂದಿದ್ದರೆ ಊಟ ಬೇರೆ ಬೇರೆ ಕಡೆ, ಮನೆಯಲ್ಲಿ ಜನರಿಲ್ಲದಾಗ ನಡುವೆ ಮುಚ್ಚಿದ ಬಾಗಿಲು. ಹಿಡಿದು ಬಿಡದ ನಾಯಿಗಳನ್ನು ಬಿಡಿಸಲು ಕೋರೆಹಲ್ಲಿನ ಹಿಂದೆ ತೂರಿಸಿ ತಿರುಗಿಸುವ ಬೆಣೆಕೋಲು ಪಳಗಿದವರ ಕೈಯಲ್ಲಿ ಕೆಲಸ ಮಾಡುತ್ತದೆ. ಹಿಡಿದು ಬಿಟ್ಟು ಮತ್ತೆ ಮತ್ತೆ ಕಚ್ಚುವ ನಾಯಿಗೆ ಅದನ್ನು ಬಳಸಲು ಹೋದರೆ ಬೆರಳು ಹೋಗುತ್ತದೆ.

ಆದ್ದರಿಂದ ಫೈಲಿನಲ್ಲಿ ತಳಿಯ ಜಾಗದಲ್ಲಿ ನಾವು ಬರೆಯುವುದು ಕಂಡದ್ದನ್ನು. ಬಂದ ಮೊದಲ ಮೂರು ದಿನದ ವರ್ತನೆ ಹೆದರಿಕೆಯದು, ಅದನ್ನು ಸ್ವಭಾವ ಎಂದು ದಾಖಲಿಸುವುದಿಲ್ಲ. ಆಮೇಲೆ ಎರಡು ವಾರ, ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಜನ ನೋಡಿ ಬರೆಯುತ್ತಾರೆ. ‘ಕೋಪಿಷ್ಠ’, ‘ಒಳ್ಳೆಯ ನಾಯಿ’ ಎಂಬ ಪದಗಳಿಗೆ ಫೈಲಿನಲ್ಲಿ ಜಾಗವಿಲ್ಲ. ‘ಐದು ಮೀಟರ್ ಆಚೆ ಗಂಡು ನಾಯಿ ಕಂಡಾಗ ಮೈ ಬಿಗಿಹಿಡಿದು ದಿಟ್ಟಿಸಿತು, ಹೆಸರು ಕರೆದಾಗ ತಿರುಗಿತು’, ‘ಊಟದ ಬಟ್ಟಲಿನ ಹತ್ತಿರ ಹೋದಾಗ ತಿನ್ನುವುದು ನಿಲ್ಲಿಸಿ ಗುರುಗುಟ್ಟಿತು, ಹಿಂದೆ ಸರಿದಾಗ ಮತ್ತೆ ತಿಂದಿತು’, ಹೀಗೆ. ಒಂದೇ ದಿನ ಒಂದೇ ಪರೀಕ್ಷೆ ಮಾಡಿ ಪಾಸು ಫೇಲು ಹೇಳುವುದರಿಂದ ಮನೆಯಲ್ಲಿ ಅದು ಹೇಗಿರುತ್ತದೆ ಎಂಬುದು ಗೊತ್ತಾಗುವುದಿಲ್ಲ.

ದತ್ತು ಕಾರ್ಡಿನಲ್ಲಿ ತಳಿಯ ಸಾಲನ್ನೇ ತೆಗೆದರೆ ಏನಾಗುತ್ತದೆ ಎಂಬುದನ್ನೂ ಅಧ್ಯಯನ ಮಾಡಿದ್ದಾರೆ. 2016ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ‘ಪಿಟ್ ಬುಲ್’ ಹಣೆಪಟ್ಟಿಯ ನಾಯಿಗಳು, ಹಾಗೇ ಕಾಣುವ ಆದರೆ ಬೇರೆ ಹೆಸರು ಬರೆದಿದ್ದ ನಾಯಿಗಳಿಗಿಂತ ಮೂರು ಪಟ್ಟಿಗೂ ಹೆಚ್ಚು ಕಾಲ ಮನೆಗಾಗಿ ಕಾದಿದ್ದವು. ಹೆಸರು ತೆಗೆದ ಮೇಲೆ ಫ್ಲಾರಿಡಾದ ಒಂದು ಕೇಂದ್ರದಲ್ಲಿ ದತ್ತು ಹೆಚ್ಚಿತು, ಕಾಯುವ ದಿನ ತಗ್ಗಿತು.

ನಮ್ಮ ಕಾರ್ಡಿನಲ್ಲಿ ಈಗ ಇರುವುದು ಇಷ್ಟು: ದೊಡ್ಡ ಅಥವಾ ಮಧ್ಯಮ ಗಾತ್ರ, ಹೆಗಲೆತ್ತರ, ತೂಕ, ಅಂದಾಜು ವಯಸ್ಸು, ಮೈಕಟ್ಟಿನ ಅಂಕ, ಎರಡು ವಾರದ ಟಿಪ್ಪಣಿಯಿಂದ ಆರಿಸಿದ ನಾಲ್ಕು ಸಾಲು. ಕರೆದೊಯ್ಯುವವರು ‘ಇದು ಯಾವ ತಳಿ’ ಎಂದು ಕೇಳಿಯೇ ಕೇಳುತ್ತಾರೆ. ಡಿಎನ್‌ಎ ವರದಿ ಇದ್ದರೆ ಅದನ್ನು ಪೂರ್ತಿ ಕೈಗಿಡುತ್ತೇವೆ, ಇಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತೇವೆ. ಅವರಿರುವ ಕಡೆ ‘ಬಗೆ’ಯನ್ನು ನೋಡಿ ಜಾರಿಯಾಗುವ ಕಾನೂನಿದ್ದರೆ ಅದನ್ನೂ, ನೋಟದಿಂದ ತೊಂದರೆ ಬರಬಹುದು ಎಂಬುದನ್ನೂ ಸಹಿ ಹಾಕಿಸಿಕೊಳ್ಳುವ ಮೊದಲೇ ಹೇಳುತ್ತೇವೆ. ಮೂರು ಫೋಟೋ, ತಾರೀಕು ಹಾಕಿದ ಅಳತೆಯ ಹಾಳೆ, ಚಿಪ್ ಸಂಖ್ಯೆ, ಚಿಕಿತ್ಸೆಯ ದಾಖಲೆಗಳ ಒಂದೊಂದು ಪ್ರತಿ ನಾಯಿಯ ಜತೆ ಹೋಗುತ್ತದೆ, ಇನ್ನೊಂದು ಕೇಂದ್ರದಲ್ಲಿ ಉಳಿಯುತ್ತದೆ.